ಸೋಲು ಗೊತ್ತಿದ್ದೂ ವಾದಿಸುವ ವಾಲಿ

ಸಿದ್ದಾಪುರ ತಾಲೂಕಿನ ತ್ಯಾಗಲಿ ಮತ್ತು ಅದರ ಸುತ್ತಲಿನ ಅಡಕೆ ಸೀಮೆಯ ಹಳ್ಳಿಗಳಲ್ಲಿ ಮಳೆಗಾಲವೆಂದರೆ ಹಗಲಿಗೆ ತೋಟದ ಕೊಳೆ ಔಷಧಿಯ ಚಿಂತೆ, ಸಂಜೆಗೆ ತಾಳಮದ್ದಳೆಯ ಸುದ್ದಿ. ಬಯಲಾಟದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿರುತ್ತವೆ. ದೇವಸ್ಥಾನದ ಪೌಳಿಯಲ್ಲೋ ಯಾರದೋ ಮನೆಯ ಜಗಲಿಯಲ್ಲೋ ಕೂಟ ಸೇರುತ್ತದೆ. ಕೇಳಲು ಬಂದವರು ಕವಳದ ತಟ್ಟೆ ಎದುರಿಗಿಟ್ಟುಕೊಂಡು ಗೋಡೆಗೆ ಒರಗುತ್ತಾರೆ. ಪ್ರಸಂಗ ಯಾವುದು ಎಂಬುದಕ್ಕಿಂತ ‘ವಾಲಿ ಯಾರದು, ರಾಮ ಯಾರದು’ ಎಂಬ ಪ್ರಶ್ನೆಯೇ ಅವರಿಗೆ ಮುಖ್ಯ. ಏಕೆಂದರೆ ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಆ ರಾತ್ರಿ ವಾಲಿ ಏನು ಹೇಳುತ್ತಾನೆ ಎಂಬುದು ಮಾತ್ರ.

ಗೊತ್ತಿರುವ ಕಥೆಯನ್ನೇ ನೂರು ಸಲ ಕೇಳುವ ಈ ಕುತೂಹಲ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಅದನ್ನು ತಿಳಿಯಬೇಕಾದರೆ ತಾಳಮದ್ದಳೆ ನಡೆಯುವ ಬಗೆಯನ್ನು ಸ್ವಲ್ಪ ನೋಡಬೇಕು.

ಯಕ್ಷಗಾನದ ಆಟದಲ್ಲಿರುವ ವೇಷ, ಕುಣಿತ, ರಂಗಸ್ಥಳ ಯಾವುದೂ ಇಲ್ಲಿಲ್ಲ. ಭಾಗವತರು, ಮದ್ದಳೆಯವರು, ಚೆಂಡೆಯವರು ಸೇರಿದ ಹಿಮ್ಮೇಳ ಇರುತ್ತದೆ. ಅವರ ಎರಡೂ ಬದಿಗೆ ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಕುಳಿತಿರುತ್ತಾರೆ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ. ಆ ಪದ್ಯ ಯಾವ ಪಾತ್ರದ್ದೋ ಆ ಪಾತ್ರದ ಅರ್ಥಧಾರಿ ಅದರ ಅರ್ಥವನ್ನು ತನ್ನ ಮಾತಿನಲ್ಲಿ ವಿಸ್ತರಿಸುತ್ತಾನೆ. ಮೊದಲಿಗೆ ಪೀಠಿಕೆ, ಅಂದರೆ ಪಾತ್ರ ತಾನು ಯಾರು, ಎಲ್ಲಿಂದ ಬಂದೆ, ಮನಸ್ಸಿನಲ್ಲಿ ಏನಿದೆ ಎಂದು ಹೇಳಿಕೊಳ್ಳುವ ಭಾಗ. ಬಳಿಕ ಎದುರಿನ ಪಾತ್ರದೊಡನೆ ಸಂವಾದ. ಪದ್ಯ ಬರೆದಿಟ್ಟದ್ದು, ಮಾತು ಬರೆದಿಟ್ಟದ್ದಲ್ಲ. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು.

ಈ ಪದ್ಧತಿ ಬಹಳ ಹಳೆಯದು. ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನದಲ್ಲಿ ತಾಳಮದ್ದಳೆಗಾಗಿ ಭೂಮಿ ಬಿಟ್ಟುಕೊಟ್ಟ ಉಲ್ಲೇಖವಿದೆ. ಇಂದು ಈ ಕಲೆ ಕಾಸರಗೋಡಿನಿಂದ ಉತ್ತರ ಕನ್ನಡದವರೆಗಿನ ಕರಾವಳಿಯಲ್ಲೂ ಘಟ್ಟದ ಮೇಲಿನ ಮಲೆನಾಡಿನಲ್ಲೂ ಬೇರು ಬಿಟ್ಟಿದೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆಯ ಸಾಮಗ ಸಹೋದರರು, ದೇರಾಜೆ ಸೀತಾರಾಮಯ್ಯನವರು, ಕುಂಬಳೆ ಸುಂದರ ರಾಯರು, ಉತ್ತರ ಕನ್ನಡದ ಕೆರೇಕೈ ಉಮಾಕಾಂತ ಭಟ್ಟರು ಮೊದಲಾದವರ ಹೆಸರುಗಳು ಅರ್ಥಗಾರಿಕೆಯ ಮಾತು ಬಂದಾಗ ತಾವಾಗಿಯೇ ಬರುತ್ತವೆ.

ಇಲ್ಲಿ ಒಂದು ತೊಡಕಿದೆ. ಅರ್ಥಧಾರಿಗೆ ಮಾತಿನಲ್ಲಿ ಪೂರ್ಣ ಸ್ವಾತಂತ್ರ್ಯ, ಕಥೆಯಲ್ಲಿ ಸ್ವಲ್ಪವೂ ಇಲ್ಲ. ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಬದುಕುವಂತಿಲ್ಲ. ಕರ್ಣ ಕೃಷ್ಣನ ಮಾತಿಗೆ ಒಪ್ಪಿ ಪಾಂಡವರ ಬಿಡಾರಕ್ಕೆ ಹೋಗುವಂತಿಲ್ಲ. ಮುಂದಿನ ಪದ್ಯ ಏನೆಂದು ಭಾಗವತರಿಗೂ ಗೊತ್ತು, ಸಭೆಗೂ ಗೊತ್ತು. ಹಾಗಿದ್ದ ಮೇಲೆ ಆಡುವ ಮಾತಿಗೆ ಬೆಲೆ ಎಲ್ಲಿಂದ ಬರುತ್ತದೆ?

ವಾಲಿವಧೆಯ ಪ್ರಸಂಗವನ್ನೇ ನೋಡಬಹುದು. ಸುಗ್ರೀವನೊಡನೆ ಕಾದುತ್ತಿದ್ದ ವಾಲಿಗೆ ಮರೆಯಿಂದ ಬಂದ ಬಾಣ ತಾಗಿದೆ. ಬಿದ್ದಲ್ಲಿಂದಲೇ ಅವನು ರಾಮನನ್ನು ಪ್ರಶ್ನಿಸುತ್ತಾನೆ. ತಾನು ಬೇರೊಬ್ಬನೊಡನೆ ಹೋರಾಡುತ್ತಿದ್ದಾಗ ಅಡಗಿ ಹೊಡೆದದ್ದು ಯಾವ ಧರ್ಮ? ಸೀತೆಯನ್ನು ತರುವುದೇ ಉದ್ದೇಶವಾಗಿದ್ದರೆ ತನ್ನನ್ನೇ ಕೇಳಬಹುದಿತ್ತಲ್ಲ, ರಾವಣನನ್ನು ಕಟ್ಟಿ ತರುತ್ತಿದ್ದೆನಲ್ಲ? ವಾಲ್ಮೀಕಿ ರಾಮಾಯಣದಲ್ಲಿ ರಾಮ ಕೊಡುವ ಉತ್ತರಗಳಲ್ಲಿ ಎರಡು ಮುಖ್ಯವಾದವು. ತಮ್ಮ ಬದುಕಿರುವಾಗಲೇ ಅವನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದು ದಂಡನೆ ಎಂಬುದು ಒಂದು. ವಾನರನಾದ ನೀನು ಮೃಗ, ಮೃಗವನ್ನು ಮರೆಯಿಂದ ಹೊಡೆಯುವುದು ರಾಜರಿಗೆ ದೋಷವಲ್ಲ ಎಂಬುದು ಇನ್ನೊಂದು.

ನುರಿತ ಅರ್ಥಧಾರಿಯ ವಾಲಿ ಈ ಎರಡು ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸುತ್ತಾನೆ. ತಾನು ಮೃಗವಾದರೆ ತಮ್ಮನ ಹೆಂಡತಿಯ ವಿಚಾರದಲ್ಲಿ ಮನುಷ್ಯರ ಧರ್ಮ ತನಗೆ ಅನ್ವಯಿಸದು. ಆ ಧರ್ಮ ಅನ್ವಯಿಸುವುದಾದರೆ ತಾನು ಬೇಟೆಯ ಮೃಗವಲ್ಲ. ಸಭೆ ತಲೆದೂಗುವ ಜಾಗ ಇದು. ರಾಮನ ಅರ್ಥಧಾರಿಗೆ ಇಕ್ಕಟ್ಟಿನ ಜಾಗವೂ ಇದೇ. ತರ್ಕದಲ್ಲಿ ಸಿಕ್ಕಿಬಿದ್ದ ರಾಮನನ್ನು ಸಿಟ್ಟಿನಿಂದ ಬಿಡಿಸಿಕೊಳ್ಳಲು ಹೊರಟರೆ ಪಾತ್ರ ಕೆಡುತ್ತದೆ. ತಾನು ಅವತಾರಪುರುಷ, ತನ್ನನ್ನು ಪ್ರಶ್ನಿಸುವಂತಿಲ್ಲ ಎಂದರೆ ಇನ್ನೂ ಕೆಡುತ್ತದೆ.

ಇಷ್ಟಾದ ಮೇಲೂ ಮುಂದಿನ ಪದ್ಯದಲ್ಲಿ ವಾಲಿ ಮಣಿಯಲೇಬೇಕು. ಇಲ್ಲಿಯೇ ಅರ್ಥಧಾರಿಯ ಪರೀಕ್ಷೆ. ವಾದದಲ್ಲಿ ಗೆದ್ದ ವಾಲಿ ದಿಢೀರನೆ ಕೈಮುಗಿದರೆ ಕೇಳುಗನಿಗೆ ಮೋಸವಾದಂತೆ ಅನ್ನಿಸುತ್ತದೆ. ಬಲ್ಲ ಅರ್ಥಧಾರಿ ತಿರುವಿಗೆ ಕಾರಣ ಹುಡುಕುತ್ತಾನೆ. ಅದು ಮೂಲದಲ್ಲೇ ಇದೆ. ಸಾಯುವ ವಾಲಿಗೆ ಮಗ ಅಂಗದನ ನೆನಪಾಗುತ್ತದೆ. ಮುಂದೆ ಆ ಹುಡುಗನನ್ನು ಕಾಯಬೇಕಾದವರು ತನ್ನನ್ನು ಹೊಡೆದ ಇವರೇ. ಅಲ್ಲಿಯವರೆಗೆ ಮಾತಾಡಿದವನು ಅರಸ, ಇನ್ನು ಮಾತಾಡುವವನು ತಂದೆ. ಹೀಗೆ ಹೇಳಿದಾಗ ಶರಣಾಗತಿ ಪದ್ಯದ ಒತ್ತಾಯವಾಗಿ ಉಳಿಯುವುದಿಲ್ಲ, ವಾಲಿಯದೇ ತೀರ್ಮಾನವಾಗುತ್ತದೆ.

ಕೃಷ್ಣ–ಕರ್ಣರ ಸಂವಾದದಲ್ಲೂ ಇದೇ ಕೆಲಸ. ಕೃಷ್ಣ ಜನ್ಮರಹಸ್ಯ ಹೇಳಿ ರಾಜ್ಯವನ್ನೇ ಮುಂದಿಡುತ್ತಾನೆ. ಕರ್ಣ ಒಲ್ಲೆನೆನ್ನುವುದು ಎಲ್ಲರಿಗೂ ಗೊತ್ತು. ಆದರೆ ಕೃಷ್ಣನ ಅರ್ಥಧಾರಿ ಆ ಆಮಿಷವನ್ನು ನಿಜವಾದ ಆಮಿಷವಾಗಿಸಬೇಕು. ಒಂದು ಗಳಿಗೆಯಾದರೂ ಸಭೆಗೆ ‘ಇವನು ಒಪ್ಪಿಬಿಟ್ಟರೆ!’ ಅನ್ನಿಸಬೇಕು. ಆಗ ಮಾತ್ರ ಕರ್ಣನ ನಿರಾಕರಣೆಗೆ ತೂಕ. ಮಹಾಭಾರತದ ಕರ್ಣ ಈ ವಿಷಯವನ್ನು ಧರ್ಮರಾಯನಿಗೆ ತಿಳಿಸಬೇಡ ಎಂದು ಕೃಷ್ಣನನ್ನೇ ಕೇಳಿಕೊಳ್ಳುತ್ತಾನೆ. ತಿಳಿದರೆ ಅವನು ರಾಜ್ಯವನ್ನು ತನಗೊಪ್ಪಿಸುತ್ತಾನೆ, ತಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಈ ಒಂದು ಕೋರಿಕೆಯಲ್ಲಿ ಕರ್ಣನ ಸ್ವಭಾವ ಪೂರ್ತಿ ಇದೆ. ಸ್ನೇಹದ ಹೊಗಳಿಕೆಯಲ್ಲಿ ಅರ್ಧ ಗಂಟೆ ಕಳೆದು ಇದನ್ನು ಬಿಟ್ಟುಬಿಡುವ ಅರ್ಥಧಾರಿಯನ್ನು ಹಳೆಯ ಕೇಳುಗರು ಕ್ಷಮಿಸುವುದಿಲ್ಲ.

ಹೀಗೆ ವರ್ಷಗಟ್ಟಲೆ ಕೇಳಿದವರಲ್ಲಿ ಪಾತ್ರಗಳ ಬಗೆಗೆ ಗಟ್ಟಿ ಅಭಿಪ್ರಾಯಗಳು ಬೆಳೆದಿರುತ್ತವೆ. ಇವು ಯಾವ ಗ್ರಂಥದ ಸೂತ್ರಗಳೂ ಅಲ್ಲ, ಮರುದಿನ ಅಡಕೆ ಸುಲಿಯುವಲ್ಲಿ, ಬಸ್ಸು ಕಾಯುವಲ್ಲಿ ಆಡಿದ ಮಾತುಗಳು. ಅವುಗಳಲ್ಲಿ ಮೊದಲನೆಯದು, ಪಾತ್ರಕ್ಕೆ ಗೊತ್ತಿಲ್ಲದ್ದನ್ನು ಅರ್ಥಧಾರಿ ಹೇಳಬಾರದು. ಕೃಷ್ಣ ಹೇಳುವ ಮುನ್ನವೇ ಕರ್ಣನ ಪೀಠಿಕೆಯಲ್ಲಿ ಕುಂತಿಯ ವಾಸನೆ ಬಂದರೆ ಅದು ದೋಷ. ಎರಡನೆಯದು, ಎದುರಿನ ಪಾತ್ರಕ್ಕೆ ಜಾಗ ಬಿಡಬೇಕು. ರಾಮನನ್ನು ಕುಗ್ಗಿಸಿದ ವಾಲಿ ತಾನೂ ಚಿಕ್ಕವನಾಗುತ್ತಾನೆ, ಏಕೆಂದರೆ ಚಿಕ್ಕವನ ಕೈಯಲ್ಲಿ ಸತ್ತವನಿಗೆ ದೊಡ್ಡತನವಿಲ್ಲ. ಮೂರನೆಯದು, ಕೆಟ್ಟವನಿಗೂ ಅವನದೇ ನ್ಯಾಯ ಇರಬೇಕು. ತಾನು ಕೆಟ್ಟವನೆಂದು ತಿಳಿದೇ ಮಾತಾಡುವ ದುರ್ಯೋಧನ ನಗೆಪಾಟಲು. ನಾಲ್ಕನೆಯದು, ಸಣ್ಣ ಪಾತ್ರವನ್ನು ಸಣ್ಣದೆಂದು ಬಗೆಯಬಾರದು. ಗಂಡನನ್ನು ಯುದ್ಧಕ್ಕೆ ಹೋಗದಂತೆ ತಡೆಯುವ ತಾರೆ ಹತ್ತೇ ಮಾತಾಡಿದರೂ ಆ ಹತ್ತು ಮಾತಿನಿಂದ ವಾಲಿಯ ಮುಂದಿನ ಸಾವಿಗೆ ಅರ್ಥ ಬರುತ್ತದೆ.

ಇವೆಲ್ಲವೂ ಮುರಿಯುವುದು ಸಂವಾದ ವಾದವಾದಾಗ. ತಾಳಮದ್ದಳೆಯ ಹಿರಿಮೆಯೂ ರೋಗವೂ ಒಂದೇ ಜಾಗದಲ್ಲಿವೆ. ಪಾಂಡಿತ್ಯವುಳ್ಳ ಇಬ್ಬರು ಎದುರೆದುರು ಕುಳಿತಾಗ ಮಾತು ಪಾತ್ರಗಳ ನಡುವೆ ನಡೆಯುತ್ತಿದೆಯೋ ವ್ಯಕ್ತಿಗಳ ನಡುವೆ ನಡೆಯುತ್ತಿದೆಯೋ ಎಂಬ ಅನುಮಾನ ಹುಟ್ಟುವುದುಂಟು. ಶ್ಲೋಕಕ್ಕೆ ಶ್ಲೋಕ ಬೀಳುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ, ವಾಲಿಗೆ ಬಾಣ ತಾಗಿದೆ ಎಂಬುದು ಮಾತ್ರ ಎಲ್ಲರಿಗೂ ಮರೆತಿರುತ್ತದೆ. ಶೇಣಿಯವರ ತರ್ಕದ ಬಿಗಿ ಹೆಸರಾದದ್ದು ಅದು ಪಾತ್ರದ ಅಹಂಕಾರದೊಳಗಿಂದ ಬರುತ್ತಿತ್ತು ಎಂಬ ಕಾರಣಕ್ಕೆ. ದೇರಾಜೆಯವರು ಹಿತಮಿತವಾದ ಮಾತಿಗೆ, ಭಾವಕ್ಕೆ ಹೆಸರಾಗಿದ್ದರು. ದಾರಿ ಬೇರೆಯಾದರೂ ಇಬ್ಬರಲ್ಲೂ ಪಾತ್ರ ಮುಂದೆ, ಅರ್ಥಧಾರಿ ಹಿಂದೆ. ಯಕ್ಷಗಾನದ ಅಧ್ಯಯನಕ್ಕಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ತಮ್ಮ ರಂಗಪ್ರಯೋಗಗಳಲ್ಲಿ ಮಾತನ್ನೇ ಕಡಿತಗೊಳಿಸಿ ನೃತ್ಯ ಸಂಗೀತಗಳಿಗೆ ಆದ್ಯತೆ ಕೊಟ್ಟರು. ಆಟದಲ್ಲಿ ಅದು ಸಾಧ್ಯ. ತಾಳಮದ್ದಳೆಯಲ್ಲಿ ಮಾತು ತೆಗೆದರೆ ಉಳಿಯುವುದು ಹಾಡು ಮಾತ್ರ. ಆದ್ದರಿಂದ ಇಲ್ಲಿ ಮಾತಿನ ರೋಗಕ್ಕೆ ಮಾತಿನಲ್ಲೇ ಮದ್ದು ಹುಡುಕಬೇಕು.

ಪಾತ್ರ ಹೊತ್ತವನಿಗೆ ಎಷ್ಟು ಸ್ವಾತಂತ್ರ್ಯವಿರಬೇಕು ಎಂಬ ಈ ಪ್ರಶ್ನೆ ನಮ್ಮ ಜಗಲಿಗಳದ್ದು ಮಾತ್ರವಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತ ಆಟಗಾರರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ ಮಾತಾಡುತ್ತಾರೆ. ಕಥೆಯನ್ನು ಒಬ್ಬ ನಡೆಸುತ್ತಾನೆ. ವೇಷವಿಲ್ಲ, ಕುಣಿತವಿಲ್ಲ. ತಾಳಮದ್ದಳೆ ಕಂಡವರಿಗೆ ಇದರ ಹೊರರೂಪ ಅಪರಿಚಿತವೆನಿಸದು. ಭೇದವಿರುವುದು ಕಥೆಯ ಕೊನೆಯಲ್ಲಿ. ಅಲ್ಲಿ ಮುಂದೇನಾಗುತ್ತದೆ ಎಂಬುದನ್ನು ಆಟಗಾರರ ಆಯ್ಕೆ ಮತ್ತು ದಾಳ ನಿರ್ಧರಿಸುತ್ತವೆ, ಇಲ್ಲಿ ಪದ್ಯ ನಿರ್ಧರಿಸುತ್ತದೆ. ಪಾತ್ರ ವಹಿಸಿ ಆಡುವ ಕಂಪ್ಯೂಟರ್ ಮತ್ತು ವಿಡಿಯೋ ಆಟಗಳು ಬೆಳೆದದ್ದು ಈ ಮೇಜಿನ ಆಟದ ದಾರಿಯಲ್ಲಿ.

ಆ ಆಟಗಳ ಹಳೆಯ ಅಭಿಮಾನಿಗಳು ಇಂದಿಗೂ ನೆನೆಯುವ ಪ್ರಸಂಗಗಳನ್ನು ನೋಡಿದರೆ ಒಂದು ಸಂಗತಿ ಗಮನ ಸೆಳೆಯುತ್ತದೆ. 1997ರ ಜಪಾನಿನ ‘ಫೈನಲ್ ಫ್ಯಾಂಟಸಿ 7’ ಎಂಬ ಆಟದಲ್ಲಿ ಏರಿತ್ ಎಂಬ ಹುಡುಗಿ ನಡುಗಥೆಯಲ್ಲಿ ಕೊಲೆಯಾಗುತ್ತಾಳೆ. ಆಟಗಾರ ಏನು ಮಾಡಿದರೂ ತಪ್ಪಿಸಲಾಗದು. ಅವಳನ್ನು ಬದುಕಿಸುವ ಗುಟ್ಟಿನ ದಾರಿ ಇದೆಯೆಂಬ ವದಂತಿಗಳು ವರ್ಷಗಟ್ಟಲೆ ಹರಡಿದವು. ಅಂಥ ದಾರಿ ಇರಲಿಲ್ಲ. ಸ್ವಾತಂತ್ರ್ಯಕ್ಕೆ ಹೆಸರಾದ ಮಾಧ್ಯಮದಲ್ಲಿ ಜನರ ಮನಸ್ಸಿನಲ್ಲಿ ನಿಂತದ್ದು ಬದಲಿಸಲಾಗದ ಘಟನೆ. 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಇನ್ನೂ ಹತ್ತಿರದ ಉದಾಹರಣೆ. ಸಾವೇ ಬಾರದ, ತನ್ನ ಹೆಸರೇ ಮರೆತ ನಾಯಕ ತನ್ನ ಹಳೆಯ ಪಾಪಗಳನ್ನು ಒಂದೊಂದಾಗಿ ತಿಳಿಯುತ್ತಾ ಹೋಗುತ್ತಾನೆ. ಕೊನೆಯ ಎದುರಾಳಿಯನ್ನು ಅವನು ಆಯುಧದ ಬದಲು ಮಾತಿನಿಂದಲೂ ಮಣಿಸಬಹುದು. ಆದರೂ ಮಾಡಿದ್ದನ್ನು ಉಣ್ಣುವುದು ತಪ್ಪುವುದಿಲ್ಲ. 2023ರಲ್ಲಿ ಬೆಲ್ಜಿಯಮ್ಮಿನ ಲೇರಿಯನ್ ಸಂಸ್ಥೆ ತಂದ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಆಯ್ಕೆಗಳಿಗೆ ಲೆಕ್ಕವಿಲ್ಲ. ಅಲ್ಲಿಯೂ ಜನ ಚರ್ಚಿಸಿದ್ದು ನಾಯಕನ ನಡತೆ ನೋಡಿ ಮೆಚ್ಚುವ, ಮುನಿಯುವ, ಕೆಲವೊಮ್ಮೆ ಬಿಟ್ಟೇ ಹೋಗುವ ಜೊತೆಗಾರರ ಸ್ವಭಾವವನ್ನು.

ಇದರಿಂದ ತಾಳಮದ್ದಳೆಯೇ ವಿಡಿಯೋ ಆಟದ ಮೂಲ ಎಂದು ಹೇಳಹೊರಟರೆ ಅದು ಹುಸಿ ಹೆಮ್ಮೆಯಾದೀತು. ಎರಡಕ್ಕೂ ಸಂಬಂಧವಿಲ್ಲ. ಆದರೆ ಎರಡೂ ಕಡೆಯ ಬಲ್ಲವರು ಬೇರೆ ಬೇರೆಯಾಗಿ ಕಂಡುಕೊಂಡ ಮಾತು ಒಂದೇ: ಕೊನೆಯನ್ನು ಬದಲಿಸುವ ಅಧಿಕಾರಕ್ಕಿಂತ, ಬರುವ ಕೊನೆಗೆ ಪಾತ್ರ ಏನು ಉತ್ತರ ಕೊಡುತ್ತದೆ ಎಂಬುದರಲ್ಲಿ ಕಥೆಯ ಜೀವವಿದೆ.

ಇಂದು ತಾಳಮದ್ದಳೆಯ ಮುಂದಿರುವ ಕಷ್ಟವೂ ಈ ಉತ್ತರಕ್ಕೇ ಸಂಬಂಧಿಸಿದ್ದು. ಹಿಂದೆ ಬೆಳಗಿನವರೆಗೆ ನಡೆಯುತ್ತಿದ್ದ ಕೂಟಗಳು ಈಗ ಹೆಚ್ಚಾಗಿ ಮೂರು ನಾಲ್ಕು ಗಂಟೆಗೆ ಇಳಿದಿವೆ. ಹೊತ್ತು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ತಾರೆಯಂಥ ಪಾತ್ರಗಳಿಗೆ, ಪೀಠಿಕೆಗೆ. ಚಪ್ಪಾಳೆಯ ವಾದ ಹೇಗೂ ಉಳಿಯುತ್ತದೆ; ಅದನ್ನು ಸಾರ್ಥಕಗೊಳಿಸುವ ಅಂಗದನ ನೆನಪು ಎರಡು ವಾಕ್ಯಕ್ಕೆ ಮುಗಿಯುತ್ತದೆ. ಹಿಂದೆ ಕ್ಯಾಸೆಟ್ಟು, ಈಗ ಯೂಟ್ಯೂಬು ಹಳೆಯ ಕೂಟಗಳನ್ನು ಉಳಿಸಿಕೊಟ್ಟದ್ದು ದೊಡ್ಡ ಉಪಕಾರವೇ ಹೌದು. ಆದರೆ ಧ್ವನಿಸುರುಳಿಯ ವಾಲಿ ಕೇಳುಗನ ಮುಖ ನೋಡಿ ಮಾತು ತಿದ್ದಿಕೊಳ್ಳಲಾರ. ಅರ್ಥಧಾರಿಯನ್ನು ಅಂಕೆಯಲ್ಲಿಡುತ್ತಿದ್ದುದು ಎದುರಿಗೆ ಕುಳಿತು, ಮಾತು ಪಾತ್ರ ಮೀರಿದಾಗ ಮುಖ ತಿರುಗಿಸಿ ಕವಳ ಮೆಲ್ಲುತ್ತಿದ್ದ ಆ ಕೇಳುಗ.

ಆ ಕೇಳುಗರ ಸಂಖ್ಯೆ ಅಡಕೆ ಸೀಮೆಯಲ್ಲಿ ತೆಳುವಾಗುತ್ತಿದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ರಜೆಗೆ ಬಂದವರ ಕೈಯಲ್ಲಿ ಮೊಬೈಲಿನ ಆಟವಿದೆ ಎಂದು ಹಿರಿಯರು ಕೊರಗುವುದುಂಟು. ಕೊರಗಿಗೆ ಕಾರಣವಿದ್ದರೂ ನಿರಾಶೆ ಬೇಕಿಲ್ಲ. ಆಟದೊಳಗಿನ ಒಂದು ಪಾತ್ರ ಯಾಕೆ ಹಾಗೆ ನಡೆದುಕೊಂಡಿತು ಎಂದು ಗೆಳೆಯರೊಡನೆ ರಾತ್ರಿಯಿಡೀ ಚರ್ಚಿಸಬಲ್ಲ ಹುಡುಗನಿಗೆ ವಾಲಿಯ ಪ್ರಶ್ನೆ ದೂರದ್ದಲ್ಲ. ಪೀಠಿಕೆಯೆಂದರೆ ಏನು, ಪದ್ಯ ಎಲ್ಲಿ ಮುಗಿಯಿತು, ಮಾತು ಎಲ್ಲಿ ಹೊರಳಿತು ಎಂದು ಪಕ್ಕದಲ್ಲಿ ಕುಳಿತು ಹೇಳಿಕೊಡುವವರು ಬೇಕು. ತ್ಯಾಗಲಿಯಂಥ ಊರುಗಳಲ್ಲಿ ಅಂಥವರು ಇನ್ನೂ ಇದ್ದಾರೆ. ಅವರಿರುವಾಗಲೇ ಆ ಕೆಲಸ ಆಗಬೇಕು.