ಹೆಂಡಿ, ಕುಂಕುಮ, ಕೂದಲು

ಮಹಾರಾಷ್ಟ್ರದ ದುಧನಿಯ ಕನ್ನಡ ಶಾಲೆಯಲ್ಲಿ ಓದಿದವರಿಗೆ ಆ ರಾಜ್ಯದ ‘ಎಲಿಮೆಂಟರಿ’, ‘ಇಂಟರ್‌ಮೀಡಿಯೆಟ್’ ಡ್ರಾಯಿಂಗ್ ಪರೀಕ್ಷೆಗಳು ಗೊತ್ತು. ಎದುರಿಗೆ ಒಂದು ಕೊಡ, ಅದರ ಹಿಂದೆ ಒಂದು ಬಟ್ಟೆ. ನೆರಳು ಸರಿಯಾಗಿ ಬಿದ್ದರೆ ಗ್ರೇಡು. ಕೊಡ ತಾಮ್ರದ್ದೋ ಮಣ್ಣಿನದೋ ಎಂಬುದು ಅಲ್ಲಿ ಬರೀ ಬಣ್ಣದ ಮಾತು. ಮನೆಗೆ ಬಂದರೆ ಅವ್ವ ಗೋಡೆಗೆ ಬಡಿದ ಹೆಂಡಿಯ ಕುಳ್ಳಿನ ಮೇಲೆ ಐದೂ ಬೆರಳು ಮೂಡಿರುತ್ತವೆ. ಅದನ್ನು ಡ್ರಾಯಿಂಗ್ ಅಂತ ಯಾರೂ ಅನ್ನುವುದಿಲ್ಲ.

ಆ ಹೆಂಡಿಯನ್ನೇ ಗ್ಯಾಲರಿಯ ಗೋಡೆಗೆ ತಂದವರು ಕಲಾವಿದೆ ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು ಚಿತ್ರ ಕಲಿತದ್ದು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಬಾದಾಮಿಯ ಆರ್.ಎಂ. ಹಡಪದ್ ಕಟ್ಟಿದ ಶಾಲೆ ಅದು. ಅಲ್ಲಿಂದ ಶಾಂತಿನಿಕೇತನಕ್ಕೆ ಹೋದಾಗ ಸಿಕ್ಕ ಮೇಷ್ಟ್ರು ಕೆ.ಜಿ. ಸುಬ್ರಹ್ಮಣ್ಯನ್.

ಸುಬ್ರಹ್ಮಣ್ಯನ್ ಕೈಮಗ್ಗ ಮಂಡಳಿಯಲ್ಲಿ ದುಡಿದವರು, ಬರೋಡಾದ ಕಲಾ ಜಾತ್ರೆಗೆ ಮರದ ಆಟಿಕೆ ಮಾಡಿದವರು, ಲಖನೌದ ರವೀಂದ್ರಾಲಯದ ಗೋಡೆಗೆ 1963ರಲ್ಲಿ ಸುಟ್ಟಮಣ್ಣಿನ ಬಿಲ್ಲೆಗಳ ಭಿತ್ತಿ ಕಟ್ಟಿದವರು. ಕುಂಬಾರ, ನೇಕಾರರ ಕೆಲಸವನ್ನು ಅವರು ಕಲೆಯ ಹೊಸಲಿನಾಚೆ ಇಟ್ಟವರಲ್ಲ. ಅವರ ಗುರು ನಂದಲಾಲ್ ಬೋಸ್ 1938ರ ಹರಿಪುರ ಕಾಂಗ್ರೆಸ್ಸಿಗೆ ಹಳ್ಳಿಯ ಬದುಕನ್ನು ಪೋಸ್ಟರುಗಳಲ್ಲಿ ಬರೆದವರು. ಇನ್ನೊಬ್ಬ ಗುರು ರಾಮಕಿಂಕರ್ ಬೈಜ್ ಸಿಮೆಂಟು, ಕೆಂಪು ಗರಸಿನಲ್ಲೇ ಸಂತಾಲ ಕುಟುಂಬವನ್ನು ನಿಲ್ಲಿಸಿದವರು. ಅಮೃತಶಿಲೆಗೆ ಕಾಯಲಿಲ್ಲ.

ಆದರೆ ಶೀಲಾ ಅವರ ಕೆಲಸದಲ್ಲಿ ಮೇಷ್ಟ್ರ ಗೆರೆ ಹುಡುಕಿದರೆ ಸಿಗದು. ಶಾಂತಿನಿಕೇತನ ಬಿಟ್ಟ ಮೇಲೂ ಅವರು ಎಣ್ಣೆಬಣ್ಣದಲ್ಲೇ ಬರೆಯುತ್ತಿದ್ದರು. 1992ರ ಕೋಮುಗಲಭೆಯ ಹೊತ್ತಿಗೆ ಬಣ್ಣ ಸಾಲದೆ ಹೋಯಿತು. ಹೆಂಡಿಗೆ ಕೈ ಹಾಕಿದರು. ಕಲಿತ ಪಾಠ ಹತ್ತು ವರ್ಷ ತಡವಾಗಿ ಮೊಳೆಯಿತೆಂದು ನನ್ನ ಎಣಿಕೆ. ಆಮೇಲೆ ಕುಂಕುಮ ಬಂತು: ಸೂಜಿಗಳಿಗೆ ಪೋಣಿಸಿದ ಮಾರುಗಟ್ಟಲೆ ದಾರಕ್ಕೆ ಗೋಂದು, ಕುಂಕುಮ ಸವರಿ ಹಗ್ಗ ಮಾಡಿದರು. ಹೊಲಿಗೆ, ಹಣೆ, ನೆತ್ತರು ಎಲ್ಲ ಒಂದೇ ಕೆಂಪಿನಲ್ಲಿ. ಅದನ್ನು ಬರೀ ಅಲಂಕಾರವೆಂದು ನೋಡಿ ದಾಟಿದವರನ್ನು ಬೈಯಲಾರೆ. ಹತ್ತಿರ ಹೋದರೆ ಮಾತ್ರ ತುದಿಯಲ್ಲಿ ಸೂಜಿಗಳ ಗೊಂಚಲು ಕಾಣುತ್ತದೆ.

ಕುಂಕುಮದ ಆಮೇಲೆ ಕೂದಲು. ಗಾಡಿಗೆ ದೃಷ್ಟಿ ತಾಗದಿರಲಿ ಎಂದು ಬಂಪರಿಗೆ ಕೂದಲಿನ ಹಗ್ಗ ಸುತ್ತುವುದನ್ನು ಬೆಂಗಳೂರಿನಲ್ಲಿ ನೋಡಬಹುದು. ಗುಡಿಯಲ್ಲಿ ಹರಕೆಗೆ ಕೊಟ್ಟ ಮುಡಿಯಲ್ಲಿ ಉದ್ದನೆಯದು ವಿಗ್ಗಿಗೆ ಹೋಗುತ್ತದೆ, ತುಂಡು ಕೂದಲು ಹಗ್ಗಕ್ಕೆ. 2009ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲಿ ಶೀಲಾ ಸುಮಾರು 4,000 ಮೀಟರ್ ಅಂಥ ಹಗ್ಗ, ಇಪ್ಪತ್ತರಷ್ಟು ಬಂಪರ್ ತೂಗುಹಾಕಿದರು. ಉಕ್ಕಿನ ಭಾರವನ್ನೆಲ್ಲ ಹೊತ್ತು ನಿಂತದ್ದು ಕೂದಲು.