ಗೆಲುವು ಮೊದಲು ಕಾಣುವುದು ಮೈದಾನದ ಅಂಚಿನಲ್ಲಿ ನಿಂತವರಿಗೆ

ಔರಾದ, ಭಾಲ್ಕಿ ಕಡೆಯ ಜಾತ್ರೆಗಳಲ್ಲಿ ಜಂಗಿ ಕುಸ್ತಿ ನೋಡಿದವರಿಗೆ ಈ ಗಳಿಗೆ ಗೊತ್ತು. ಇಬ್ಬರು ಪೈಲ್ವಾನರೂ ಇನ್ನೂ ನಿಂತೇ ಇರುತ್ತಾರೆ, ಯಾರ ಬೆನ್ನಿಗೂ ಮಣ್ಣು ಹತ್ತಿರುವುದಿಲ್ಲ. ಅಷ್ಟರಲ್ಲೇ ಕಣದ ಅಂಚಿನಲ್ಲಿ ಕುಳಿತ ಹಿರಿಯರೊಬ್ಬರು ‘ಇವನದು ಮುಗೀತ್ ನೋಡ್ರಿ’ ಎಂದುಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅವರು ಹೇಳಿದ ಪೈಲ್ವಾನನೇ ಚಿತ್ ಆಗಿರುತ್ತಾನೆ. ಅವನ ಹಿಮ್ಮಡಿ ನೆಲ ಬಿಟ್ಟದ್ದು, ಉಸಿರು ಬಾಯಿಗೆ ಬಂದದ್ದು, ಅವನು ಒಮ್ಮೆ ತನ್ನ ಉಸ್ತಾದನ ಕಡೆ ನೋಡಿದ್ದು, ಇದೆಲ್ಲ ಹಿರಿಯರ ಕಣ್ಣಿಗೆ ಮೊದಲೇ ಬಿದ್ದಿರುತ್ತದೆ.

ಫುಟ್‌ಬಾಲ್ ಫೈನಲ್‌ನಲ್ಲೂ ಇಂಥ ಗಳಿಗೆ ಇದೆ. ರೆಫರಿ ಕೊನೆಯ ಸೀಟಿ ಊದುವ ಮೊದಲೇ, ಎಷ್ಟೋ ಸಲ ಗೆಲುವಿನ ಗೋಲು ಬೀಳುವ ಮೊದಲೇ, ‘ಇವತ್ತು ನಮ್ಮದೇ’ ಎಂಬ ನಂಬಿಕೆ ಅಭಿಮಾನಿಯ ಮನಸ್ಸಿಗೆ ಬಂದುಬಿಡುತ್ತದೆ. ಅದು ಯಾವಾಗ ನಿಜವಾಗುತ್ತದೆ, ಯಾವಾಗ ಸುಳ್ಳಾಗುತ್ತದೆ ಎಂಬುದನ್ನು ಕನ್ನಡನಾಡಿನ ಅಭಿಮಾನಿಗಳು ಇತ್ತೀಚಿನ ಕೆಲವು ವರ್ಷಗಳಲ್ಲಿ ಕಣ್ಣಾರೆ ಕಂಡಿದ್ದಾರೆ.

ಮೊದಲು ಸುಳ್ಳಾದ ನಂಬಿಕೆಯ ಕಥೆ. 2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್ ನಡೆಯಿತು. ಲೀಗ್ ಹಂತದಲ್ಲಿ ಬೆಂಗಳೂರು ಎಫ್‌ಸಿ 40 ಅಂಕ ಗಳಿಸಿ ಎಲ್ಲರಿಗಿಂತ ಮೇಲಿತ್ತು. ಎದುರಾಳಿ ಚೆನ್ನೈಯಿನ್ ಎಫ್‌ಸಿಗೆ ಇದ್ದದ್ದು 32 ಅಂಕ. ಮೈದಾನ ನಮ್ಮದು, ಜನ ನಮ್ಮವರು. ಒಂಬತ್ತನೇ ನಿಮಿಷದಲ್ಲೇ ಉದಾಂತ ಸಿಂಗ್ ಹಾಯಿಸಿದ ಚೆಂಡಿಗೆ ಸುನಿಲ್ ಚೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟರು, ಗೋಲು. ಪಶ್ಚಿಮ ಗ್ಯಾಲರಿಯ ನೀಲಿ ಅಂಗಿಗಳಿಗೆ ಇನ್ನೇನು ಬೇಕಿತ್ತು? ಆದರೆ 17ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡನ್ನು ಚೆನ್ನೈಯಿನ್‌ನ ಬ್ರೆಜಿಲ್ ಆಟಗಾರ ಮೈಲ್ಸನ್ ಆಲ್ವೆಸ್ ತಲೆಯಿಂದಲೇ ಒಳಗೆ ಸೇರಿಸಿದರು. ವಿರಾಮಕ್ಕೆ ತುಸು ಮುಂಚೆ ಮತ್ತೆ ಕಾರ್ನರ್, ಮತ್ತೆ ಅದೇ ಆಟಗಾರ, ಮತ್ತೆ ಅದೇ ತಲೆ. 67ನೇ ನಿಮಿಷಕ್ಕೆ ರಫಾಯೆಲ್ ಅಗಸ್ಟೊ ಮೂರನೆಯದನ್ನು ಹೊಡೆದರು. ಕೊನೆಗಳಿಗೆಯಲ್ಲಿ ಮಿಕು ಒಂದು ಗೋಲು ತೀರಿಸಿದರೂ ಕಪ್ ಚೆನ್ನೈಗೆ ಹೋಯಿತು, 3–2.

ಆ ಸಂಜೆ ಬೆಂಗಳೂರಿನವರಿಗೆ ಬಂದ ನಂಬಿಕೆಗೆ ಆಧಾರ ಅಂಕಪಟ್ಟಿ ಮತ್ತು ಮೊದಲ ಗೋಲು. ಎರಡೂ ಎದುರಾಳಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೈಲ್ಸನ್‌ರನ್ನು ಕಾಯುವವರು ಯಾರು ಎಂಬುದು ಬೆಂಗಳೂರಿಗೆ ಬಗೆಹರಿದಿಲ್ಲ ಎಂದು ಮೊದಲ ಕಾರ್ನರ್‌ನಲ್ಲೇ ಗೊತ್ತಾಗಿತ್ತು. ಸ್ಕೋರ್‌ಬೋರ್ಡ್ ಬಿಟ್ಟು ಪೆನಾಲ್ಟಿ ಪೆಟ್ಟಿಗೆಯೊಳಗಿನ ನೂಕಾಟ ನೋಡುತ್ತಿದ್ದವರಿಗೆ ಎದೆ ಆಗಲೇ ಹೊಡೆದುಕೊಂಡಿರಬೇಕು.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಅದೇ ಬೆಂಗಳೂರು ಎಫ್‌ಸಿ ಮುಂಬೈನಲ್ಲಿ ಎಫ್‌ಸಿ ಗೋವಾ ಎದುರು ಫೈನಲ್ ಆಡಿತು. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದ ಮೊದಲರ್ಧದ ಕೊನೆಗೆ ಗೋವಾದ ಅಹ್ಮದ್ ಜಾಹೂ ಎರಡನೇ ಹಳದಿ ಚೀಟಿ ಪಡೆದು ಹೊರನಡೆದರು. ಸ್ಕೋರ್ 0–0 ಆಗಿಯೇ ಇತ್ತು, ಆದರೆ ನನ್ನ ಲೆಕ್ಕದಲ್ಲಿ ಫೈನಲ್ ತಿರುಗಿದ್ದು ಅಲ್ಲಿ. ನೂರು ನಿಮಿಷ ಓಡಿದ ಕಾಲುಗಳು, ನಡುಮೈದಾನ ಕಾಯುವವನೇ ಇಲ್ಲ. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ಮುಂಬೈನವರೇ ಆದ ರಾಹುಲ್ ಭೇಕೆ ತಲೆ ಕೊಟ್ಟರು. ಹಿಂದಿನ ವರ್ಷ ಕಾರ್ನರ್‌ನಿಂದ ಸೋತ ತಂಡ ಕಾರ್ನರ್‌ನಿಂದಲೇ ಕಪ್ ಎತ್ತಿತು.

ಇವೆಲ್ಲ ಹಣವುಳ್ಳ ಕ್ಲಬ್‌ಗಳ ಮಾತು. ಇಡೀ ರಾಜ್ಯದ ಹೆಸರು ಹೊತ್ತ ಫೈನಲ್ ಬೇರೆಯೇ ತೂಕದ್ದು. ಸಂತೋಷ್ ಟ್ರೋಫಿಯನ್ನು ಹಳೆಯ ಮೈಸೂರು ತಂಡ ನಾಲ್ಕು ಸಲ ಗೆದ್ದಿತ್ತು: 1946–47, 1952–53, 1967–68, 1968–69. ನಾಲ್ಕೂ ಸಲ ಫೈನಲ್‌ನಲ್ಲಿ ಬಗ್ಗಿದ್ದು ಬಂಗಾಳ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು, ಗೆಲುವು ಮಾತ್ರ ಅಲ್ಲಿಗೇ ನಿಂತಿತು. 1975–76ರಲ್ಲಿ ಫೈನಲ್‌ವರೆಗೆ ಹೋಗಿ ಬಂಗಾಳಕ್ಕೆ ಸೋತೆವು. ಮುಂದಿನ ಫೈನಲ್ ಕಾಣಲು 47 ವರ್ಷ ಹಿಡಿಯಿತು.

ಆ ಫೈನಲ್ ನಡೆದದ್ದು ಬೆಂಗಳೂರಿನಲ್ಲೂ ಅಲ್ಲ, ಭಾರತದಲ್ಲೂ ಅಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಕಿಂಗ್ ಫಹದ್ ಕ್ರೀಡಾಂಗಣದಲ್ಲಿ. ಸಂತೋಷ್ ಟ್ರೋಫಿಯ ಕೊನೆಯ ಘಟ್ಟ ದೇಶದಾಚೆ ಹೋದದ್ದು ಅದೇ ಮೊದಲು. ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು 3–1ರಿಂದ ಸೋಲಿಸಿದ್ದ ಕರ್ನಾಟಕದ ಎದುರು ಮೊದಲ ಬಾರಿ ಫೈನಲ್‌ಗೆ ಬಂದಿದ್ದ ಮೇಘಾಲಯ. ಗಲ್ಫ್‌ಗೆ ದುಡಿಯಲು ಹೋದವರ ಮನೆಗಳು ಬೀದರ್, ಕಲಬುರಗಿಯ ಓಣಿ ಓಣಿಯಲ್ಲಿವೆ. ನಮ್ಮ ಕಡೆಯವರಿಗೆ ರಿಯಾದ್ ಕೇಳದ ಊರೇನಲ್ಲ. ಔರಾದದಿಂದ ಬೆಂಗಳೂರಿಗೆ ಏಳು ನೂರು ಕಿಲೋಮೀಟರ್‌ಗೂ ಹೆಚ್ಚು ದಾರಿ. ಕರ್ನಾಟಕದ ಯಾವ ಫೈನಲ್ ಆದರೂ ನಮಗೆ ಪರಊರಿನ ಫೈನಲ್ಲೇ.

ಎರಡನೇ ನಿಮಿಷದಲ್ಲಿ ಸುನಿಲ್ ಕುಮಾರ್ ಗೋಲು ಹೊಡೆದರು. ಹತ್ತು ನಿಮಿಷ ತುಂಬುವುದರೊಳಗೆ ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ಇಪ್ಪತ್ತು ನಿಮಿಷದ ಹೊತ್ತಿಗೆ ಬೆಕೆ ಓರಾಂ ಮತ್ತೆ ಮುನ್ನಡೆ ತಂದರು. ವಿರಾಮದ ಹೊಸ್ತಿಲಲ್ಲಿ ರಾಬಿನ್ ಯಾದವ್ ದೂರದಿಂದ ಒದ್ದ ಫ್ರೀ ಕಿಕ್ ನೇರ ಬಲೆಗೆ ಹೋಯಿತು, 3–1. ಬೇರೆ ರಾಜ್ಯದವರಾಗಿದ್ದರೆ ಅಲ್ಲಿಗೇ ಕುಣಿಯುತ್ತಿದ್ದರೇನೋ. ಅರ್ಧ ಶತಮಾನ ಕಾದವರಿಗೆ ನಂಬಿಕೆ ಅಷ್ಟು ಬೇಗ ಬರುವುದಿಲ್ಲ. ಬಹಳ ವರ್ಷ ಸೋತ ಅಭಿಮಾನಿ ಎರಡು ಗೋಲಿನ ಮುನ್ನಡೆಯಲ್ಲೂ ಕಳೆದುಕೊಳ್ಳುವುದನ್ನೇ ಎಣಿಸುತ್ತಾನೆ. ಅವನ ಭಯಕ್ಕೆ ಸರಿಯಾಗಿ 60ನೇ ನಿಮಿಷದಲ್ಲಿ ಮೇಘಾಲಯ ಇನ್ನೊಂದು ಗೋಲು ಹೊಡೆಯಿತು. 3–2, ಇನ್ನೂ ಅರ್ಧ ಗಂಟೆ ಬಾಕಿ.

ಆ ಅರ್ಧ ಗಂಟೆಯೇ ನನ್ನ ಪಾಲಿಗೆ ಇಡೀ ಫೈನಲ್. ಒಂದು ಗೋಲು ಬಿದ್ದರೆ 54 ವರ್ಷದ ಕಾಯುವಿಕೆಗೆ ಮತ್ತೊಂದು ವರ್ಷ ಸೇರುತ್ತಿತ್ತು. ಆ ಗೋಲು ಬೀಳಲಿಲ್ಲ. ತರಬೇತುದಾರ ರವಿಬಾಬು ರಾಜು ಅವರ ಹುಡುಗರು ಎರಡು ಸಲ ಮುನ್ನಡೆ ಗಳಿಸಿ, ಒಂದು ಸಲ ಅದನ್ನು ಕಳೆದುಕೊಂಡು, ಎರಡನೇ ಸಲ ಉಳಿಸಿಕೊಂಡರು. ಇಂಥ ಆಟದಲ್ಲಿ ನಂಬಿಕೆ ಯಾವುದೋ ಒಂದು ಕ್ಷಣದಲ್ಲಿ ಸಿಡಿದು ಬರುವುದಿಲ್ಲ. ಪ್ರತಿ ಐದು ನಿಮಿಷಕ್ಕೆ ಸ್ವಲ್ಪ ಸ್ವಲ್ಪವಾಗಿ, ಹಿಂದಿನ ಸಾಲು ತೆರವು ಮಾಡಿದ ಒಂದೊಂದು ಚೆಂಡಿನ ಜತೆ ಬಂದು ಸೇರುತ್ತದೆ. ಕರ್ನಾಟಕ ಎಂಬ ಹೆಸರಿನಲ್ಲಿ ಈ ರಾಜ್ಯ ಗೆದ್ದ ಮೊದಲ ಸಂತೋಷ್ ಟ್ರೋಫಿ ಅದು.

ನಾಲ್ಕೇ ತಿಂಗಳಿಗೆ, 2023ರ ಜುಲೈ 4ರಂದು, ಕಂಠೀರವದಲ್ಲಿ ಭಾರತ ಮತ್ತು ಕುವೈತ್ ನಡುವೆ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್. 1–1 ಆಗಿ ಪೆನಾಲ್ಟಿಗೆ ಬಂತು. ಕುವೈತ್‌ನ ಮೊದಲ ಒದೆತ ಅಡ್ಡಪಟ್ಟಿಗೆ ಬಡಿದಾಗ ಗ್ಯಾಲರಿಗೆ ಗೆದ್ದೆವೆಂದೇ ಅನಿಸಿರಬೇಕು. ಆಮೇಲೆ ನಮ್ಮ ಉದಾಂತ ಸಿಂಗ್ ಗುರಿ ತಪ್ಪಿದರು, ಆ ನಂಬಿಕೆ ಹಾರಿಹೋಯಿತು. ಐದೈದು ಒದೆತ ಮುಗಿದಾಗ 4–4. ಮಹೇಶ್ ಸಿಂಗ್ ಆರನೆಯದನ್ನು ಒಳಗೆ ಹಾಕಿದರು, ಕುವೈತ್ ನಾಯಕ ಖಾಲಿದ್ ಹಾಜಿಯಾ ಒದ್ದದ್ದನ್ನು ಗುರುಪ್ರೀತ್ ಸಿಂಗ್ ಸಂಧು ತಡೆದರು. ಬಂದ ನಂಬಿಕೆ ಹೋಗಿ ಮತ್ತೆ ಬಂದದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿದ್ದರೆ 2022ರ ವಿಶ್ವಕಪ್ ಫೈನಲ್ ಇದೆ. ಎಂಬತ್ತನೇ ನಿಮಿಷದವರೆಗೆ 2–0 ಮುಂದಿದ್ದ ಅರ್ಜೆಂಟೀನಾ ವಿರುದ್ಧ ಫ್ರಾನ್ಸ್‌ನ ಎಂಬಾಪೆ ಎರಡು ನಿಮಿಷದೊಳಗೆ ಎರಡು ಗೋಲು ಹೊಡೆದರು. ಹೆಚ್ಚುವರಿ ಆಟದ ಕಟ್ಟಕಡೆಯಲ್ಲಿ ಕೊಲೊ ಮುವಾನಿ ಒಬ್ಬರೇ ಎದುರು ನಿಂತು ಒದ್ದ ಚೆಂಡನ್ನು ಗೋಲ್‌ಕೀಪರ್ ಮಾರ್ಟಿನೆಜ್ ಕಾಲು ಚಾಚಿ ತಡೆದರಲ್ಲ, ಆಗ 3–3. ಅರ್ಜೆಂಟೀನಾ ಗೆದ್ದದ್ದು ಆ ಕಾಲಿನಲ್ಲಿ, ಪೆನಾಲ್ಟಿ ಆಮೇಲಿನ ಮಾತು.

ಗೆಲುವನ್ನು ಮೊದಲೇ ಕಾಣುವ ಈ ವಿದ್ಯೆ ಬೀದರಿಗೆ ಹೊಸದಲ್ಲ ಎಂದು ಹೇಳಲು ಇತಿಹಾಸವೂ ಇದೆ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಆಗ ಹೈದರಾಬಾದ್ ಭಾರತದ ಫುಟ್‌ಬಾಲ್‌ಗೆ ದೊಡ್ಡ ಮನೆ. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಆ ತಂಡ ಕಟ್ಟಿದ ಸೈಯದ್ ಅಬ್ದುಲ್ ರಹೀಂ ಮೂಲತಃ ಶಾಲಾ ಶಿಕ್ಷಕರು. ಮುಂದೆ ಭಾರತ ತಂಡದ ತರಬೇತುದಾರರಾಗಿ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ತಂದುಕೊಟ್ಟರು. 1962ರ ಜಕಾರ್ತಾ ಫೈನಲ್‌ನಲ್ಲಿ ಎದುರಿದ್ದದ್ದು ದಕ್ಷಿಣ ಕೊರಿಯಾ. ಅದೇ ಕೂಟದ ಮೊದಲ ಪಂದ್ಯದಲ್ಲಿ ಅದು ನಮ್ಮನ್ನು 2–0ರಿಂದ ಸೋಲಿಸಿತ್ತು, ಅಲ್ಲಿನ ಜನವೂ ನಮ್ಮ ವಿರುದ್ಧವೇ ಕೂಗುತ್ತಿದ್ದರು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್‌ರನ್ನು ರಹೀಂ ಮುಂಚೂಣಿಯಲ್ಲಿ ಆಡಿಸಿದರು. ಇಪ್ಪತ್ತು ನಿಮಿಷದೊಳಗೆ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. ಪಂದ್ಯ 2–1. ಆಗಲೇ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ರಹೀಂ ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಜಕಾರ್ತಾದ ಗ್ಯಾಲರಿಯಲ್ಲಿ ಯಾರಿಗೂ ಕಾಣದ ಗೆಲುವನ್ನು ಆ ಶಿಕ್ಷಕರು ಪಂದ್ಯಕ್ಕೆ ಮೊದಲೇ ಕಂಡಿದ್ದರು ಎಂದೇ ನಾನು ನಂಬುತ್ತೇನೆ.

ಆ ಕಣ್ಣು ಇಂದು ಔರಾದದ ಹುಡುಗನಿಗೆ ಏಕೆ ಸಿಗುತ್ತಿಲ್ಲ? ಅವನಿಗೆ ಮೆಸ್ಸಿ ಗೊತ್ತು, ರೊನಾಲ್ಡೊ ಗೊತ್ತು. ಅವನ ಫುಟ್‌ಬಾಲ್ ಇರುವುದೆಲ್ಲ ಮೊಬೈಲ್‌ನಲ್ಲಿ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಗೆಲುವಿನ ಸುಳಿವು ಸಿಗುವುದು ಚೆಂಡು ಇಲ್ಲದ ಕಡೆ: ಸೊಂಟದ ಮೇಲೆ ಕೈಯಿಟ್ಟು ನಿಂತ ಹಿಂಬದಿ ಆಟಗಾರ, ತನ್ನವರ ಮೇಲೆಯೇ ರೇಗುವ ನಾಯಕ, ಥ್ರೋ ಎಸೆಯಲು ಮುಂದೆ ಬಾರದ ಇಬ್ಬರು, ದೂರ ದೂರವಾದ ಹಿಂದಿನ ಸಾಲು ಮತ್ತು ಮುಂದಿನ ಸಾಲು, ಎದ್ದು ನಿಂತು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿದ ಬೆಂಚಿನ ಹುಡುಗರು. ಪರದೆಯಲ್ಲಿ ಇದು ಕಾಣುವುದು ಅಪರೂಪ. ಅಲ್ಲದೆ ಮೊಬೈಲ್‌ಗೆ ಚಿತ್ರ ತಲುಪುವುದೇ ಕೆಲವು ಸೆಕೆಂಡು ತಡವಾಗಿ. ಪಕ್ಕದ ಮನೆಯ ಟಿವಿ ಮುಂದೆ ಕೂಗು ಎದ್ದರೆ ಗೋಲು ನೋಡುವ ಮೊದಲೇ ಗೊತ್ತಾಗಿಬಿಡುತ್ತದೆ. ಅದು ಸುದ್ದಿ, ಅರಿವಲ್ಲ.

ಕುಸ್ತಿಯಲ್ಲಿ ನಮ್ಮ ಜನ ಆ ಅರಿವನ್ನು ಪಡೆದದ್ದು ತೆಂಗಿನಕಾಯಿ ಕುಸ್ತಿಯಿಂದ ಹಿಡಿದು ಬೆಳ್ಳಿ ಕಡಗದ ಕುಸ್ತಿಯವರೆಗೆ ಕಣದ ಪಕ್ಕದಲ್ಲೇ ಕುಳಿತು ನೋಡಿ. ಫುಟ್‌ಬಾಲ್‌ಗೂ ಬೇರೆ ದಾರಿ ಇಲ್ಲ. 2024ರ ಡಿಸೆಂಬರ್ 31ರಂದು ಸಂತೋಷ್ ಟ್ರೋಫಿ ಫೈನಲ್ ಹೈದರಾಬಾದ್‌ನಲ್ಲೇ ನಡೆಯಿತು, ಬೀದರಿನಿಂದ ಮೂರ್ನಾಲ್ಕು ಗಂಟೆಯ ದಾರಿ. ಇಂಜುರಿ ಟೈಮ್‌ನಲ್ಲಿ ರಬಿ ಹನ್ಸ್‌ದಾ ಹೊಡೆದ ಒಂದೇ ಗೋಲಿನಿಂದ ಬಂಗಾಳ ಕೇರಳವನ್ನು ಸೋಲಿಸಿತು. ನಮ್ಮ ಶಾಲೆಗಳ ಸುಬ್ರತೋ ಕಪ್ ಹುಡುಗರನ್ನು ಒಂದು ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ಯಬಹುದಿತ್ತು.

ರಾಜ್ಯ ಫುಟ್‌ಬಾಲ್ ಸಂಸ್ಥೆಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ, ನಮ್ಮ ಭಾಗದ ಶಾಸಕರಿಗೆ ಕೇಳುವುದು ಒಂದೇ: ವರ್ಷಕ್ಕೆ ಒಂದು ರಾಜ್ಯಮಟ್ಟದ ಫೈನಲ್ ಅನ್ನು ಬೀದರಿನ ನೆಹರೂ ಕ್ರೀಡಾಂಗಣಕ್ಕೆ ಕೊಡಿ. ಔರಾದ, ಭಾಲ್ಕಿಯ ಶಾಲಾ ಮಕ್ಕಳಿಗೆ ಆ ದಿನ ಬಸ್ಸು ಮತ್ತು ಊಟದ ವ್ಯವಸ್ಥೆ ಮಾಡಿ, ಅವರನ್ನು ಗೆರೆಯ ಪಕ್ಕದಲ್ಲೇ ಕೂರಿಸಿ.