ಬೆಟ್ಟವನ್ನೇರುವುದು, ಮಾನದಿಂದಿಳಿಯುವುದು

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬೆಳಗಿನ ತಂಪಿನಲ್ಲೇ ಏರಬೇಕು. ಪಾದರಕ್ಷೆಗಳನ್ನು ಬುಡದಲ್ಲೇ ಬಿಟ್ಟು ಹತ್ತಬೇಕಾದ ಬೆಟ್ಟವದು. ಬಿಸಿಲೇರಿದರೆ ಬಂಡೆ ಕಾದು ಅಂಗಾಲನ್ನು ಸುಡುತ್ತದೆ. ಶಾಲೆಯ ದಿನಗಳಿಂದ ಜೊತೆಗಿದ್ದ ನಾವು ನಾಲ್ವರು ಸ್ನೇಹಿತರು ಕಳೆದ ಮಾಗಿಯಲ್ಲಿ ಅಲ್ಲಿ ಕೂಡಿದೆವು. ನಮ್ಮಲ್ಲಿ ಇಬ್ಬರು ಜೈನರು, ಇಬ್ಬರು ಅಲ್ಲ. ನಾಲ್ವರಿಗೂ ಐವತ್ತು ದಾಟಿದೆ. ಒಬ್ಬನಿಗೆ ಮಂಡಿನೋವು. ಡೋಲಿಯಲ್ಲಿ ಬಾ ಎಂದರೆ ಅವನು ಒಪ್ಪಲಿಲ್ಲ. “ನಿಧಾನವಾಗಿ ಬರುತ್ತೇನೆ, ನೀವು ಜೊತೆಗಿದ್ದರೆ ಸಾಕು” ಎಂದ.

ಬಯಲಿನಿಂದ ಸುಮಾರು 470 ಅಡಿ ಎತ್ತರಕ್ಕೆದ್ದಿರುವ ಈ ಬಂಡೆಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳವು. ಮೊದಲ ನೂರು ಮೆಟ್ಟಿಲುಗಳವರೆಗೆ ನಾವು ಜೊತೆಯಾಗಿಯೇ ಇದ್ದೆವು. ಆಮೇಲೆ ಅದು ಹೇಗೋ ನನಗೂ ಮತ್ತೊಬ್ಬ ಸ್ನೇಹಿತನಿಗೂ ಮಾತಿಲ್ಲದ ಪೈಪೋಟಿ ಹುಟ್ಟಿಕೊಂಡಿತು. ಅವನು ಎರಡು ಹೆಜ್ಜೆ ಮುಂದಾದರೆ ನಾನು ಮೂರು ಹೆಜ್ಜೆ. ಏದುಸಿರು ಬಿಡುತ್ತ ಒದೆಗಲ್ ಬಸದಿಯನ್ನು ತಲುಪಿದಾಗ ಗೆದ್ದವನು ನಾನೇ. ಹಿಂತಿರುಗಿ ನೋಡಿದರೆ ಮಂಡಿನೋವಿನ ಸ್ನೇಹಿತ ಎಲ್ಲಿಯೂ ಕಾಣಲಿಲ್ಲ.

ಇಳಿದು ಹೋಗಿ ನೋಡಿದೆ. ಅವನು ಮೆಟ್ಟಿಲೊಂದರ ಅಂಚಿನಲ್ಲಿ ಕುಳಿತಿದ್ದ. ನಾಲ್ಕನೆಯ ಸ್ನೇಹಿತ ಅವನ ಮಂಡಿಯನ್ನು ಒತ್ತುತ್ತಿದ್ದ. ನನ್ನನ್ನು ಕಂಡು ಅವನು ಆಕ್ಷೇಪಿಸಲಿಲ್ಲ, ನಗುತ್ತಲೇ ಕೇಳಿದ: “ಮೊದಲೇ ಹೋದೆಯಲ್ಲ, ದಾರಿಯಲ್ಲಿ ಏನೇನು ನೋಡಿದೆ?” ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನವನ ಹಿಮ್ಮಡಿಯನ್ನು ಬಿಟ್ಟು ನಾನು ಬೇರೇನನ್ನೂ ನೋಡಿರಲಿಲ್ಲ.

ಜೈನ ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ನಡೆಯುವಾಗ ಸುಮಾರು ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಂಡು, ಹಗಲ ಬೆಳಕಿನಲ್ಲಿ, ಯಾವ ಜೀವಿಗೂ ನೋವಾಗದಂತೆ ಹೆಜ್ಜೆಯಿಡುವುದೇ ಅದರ ತಿರುಳು. ಇರುವೆಯನ್ನು ಉಳಿಸುವ ನಿಯಮವೆಂದಷ್ಟೇ ನಾವು ಅದನ್ನು ತಿಳಿದಿರುತ್ತೇವೆ. ಆದರೆ ಜೊತೆಗೆ ನಡೆಯುವವನ ನೋವನ್ನು ಕಾಣದ ನಡಿಗೆಯೂ ಪ್ರಮಾದದ ನಡಿಗೆಯೇ ಅಲ್ಲವೆ? ಜೀವಗಳು ಒಂದಕ್ಕೊಂದು ಉಪಕಾರಿಯಾಗಿರುವುದೇ ಅವುಗಳ ಧರ್ಮವೆಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸಾರಿದ್ದಾರೆ. ಆ ತತ್ತ್ವವನ್ನು ಬಾಯಲ್ಲಿ ಹೇಳುತ್ತ ಬಂದ ನಾನು ನೂರು ಮೆಟ್ಟಿಲುಗಳಲ್ಲೇ ಅದನ್ನು ಮರೆತಿದ್ದೆ.

ಉಳಿದ ದಾರಿಯನ್ನು ಅವನ ನಡಿಗೆಯ ವೇಗದಲ್ಲೇ ಏರಿದೆವು. ಆಗ ಎಲ್ಲವೂ ಕಾಣತೊಡಗಿತು. ತ್ಯಾಗದ ಬ್ರಹ್ಮದೇವರ ಕಂಬದ ಬಳ್ಳಿಯ ಕೆತ್ತನೆ, ಒಂದೇ ಬಂಡೆಯಲ್ಲಿ ಕಡೆದ ಅಖಂಡ ಬಾಗಿಲು, ಅದರ ಮೇಲಿನ ಗಜಲಕ್ಷ್ಮಿ, ಕೆಳಗೆ ಎರಡು ಬೆಟ್ಟಗಳ ನಡುವೆ ಹೊಳೆಯುವ ಕಲ್ಯಾಣಿ.

ಕೊನೆಗೆ ಭಗವಾನ್ ಬಾಹುಬಲಿಯ ಸನ್ನಿಧಿ. ಗಂಗರ ರಾಚಮಲ್ಲನ ಮಂತ್ರಿ ಚಾವುಂಡರಾಯನು ಮಾಡಿಸಿದ, 981ರ ಸುಮಾರಿಗೆ ಪ್ರತಿಷ್ಠೆಗೊಂಡ ಸುಮಾರು 58 ಅಡಿ ಎತ್ತರದ ಏಕಶಿಲಾ ಮೂರ್ತಿ. ತೊಡೆ ತೋಳುಗಳನ್ನು ಬಳ್ಳಿ ಹಬ್ಬಿದೆ, ಪಾದದ ಬಳಿ ಹುತ್ತವೆದ್ದಿದೆ. ಮುಖದಲ್ಲಿ ಗೆಲುವಿನ ಗರ್ವವೂ ಇಲ್ಲ, ಸೋಲಿನ ದುಗುಡವೂ ಇಲ್ಲ.

ಆ ಮುಖದ ಮುಂದೆ ನಿಂತಾಗ ನನ್ನೊಳಗೆ ಅಳುಕು ಮೂಡಿತು. ಅದಕ್ಕೆ ಕಾರಣವಿತ್ತು. ತಂದೆಯವರ ಕಾಲಾನಂತರ ಊರಿನ ಮನೆಯ ಪಾಲಿನ ವಿಷಯದಲ್ಲಿ ನನಗೂ ನನ್ನ ಅಣ್ಣನಿಗೂ ಮಾತು ನಿಂತು ಮೂರು ವರ್ಷಗಳಾಗಿದ್ದವು. ಸ್ನೇಹಿತರಿಗೆ ಅದು ಗೊತ್ತಿತ್ತು. ಯಾರೂ ಆ ಮಾತನ್ನೆತ್ತಲಿಲ್ಲ. ಎದುರಿಗೆ ನಿಂತಿದ್ದ ಮೂರ್ತಿಯೇ ಎತ್ತಿತು.

ಭರತ ಮತ್ತು ಬಾಹುಬಲಿ ಆದಿತೀರ್ಥಂಕರ ವೃಷಭನಾಥರ ಮಕ್ಕಳು. ಅವರ ಕಥೆಯನ್ನು ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ ಆದಿಕವಿ ಪಂಪನು 941ರ ತನ್ನ ಆದಿಪುರಾಣದಲ್ಲಿ ಕನ್ನಡದಲ್ಲಿಯೂ ಹೇಳಿದ್ದಾರೆ. ಸೈನ್ಯಗಳ ರಕ್ತ ಹರಿಯಬಾರದೆಂದು ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಮಾಡಿದರು. ಮೂರರಲ್ಲಿಯೂ ಗೆದ್ದವನು ತಮ್ಮನೇ. ಅಣ್ಣನನ್ನು ಮೇಲಕ್ಕೆತ್ತಿಯೂ ನೆಲಕ್ಕಪ್ಪಳಿಸದೆ ಇಳಿಸಿದ ಬಾಹುಬಲಿಗೆ ರಾಜ್ಯದ ಮೇಲೆಯೇ ವೈರಾಗ್ಯ ಹುಟ್ಟಿತು. ಎಲ್ಲವನ್ನೂ ಬಿಟ್ಟು ತಪಸ್ಸಿಗೆ ನಿಂತ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಒಂದು ವರ್ಷ ಅಲುಗದೆ ನಿಂತರೂ ಕೇವಲಜ್ಞಾನ ಉದಿಸಲಿಲ್ಲ. ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಭಾವವು ಮನದಲ್ಲಿ ಮುಳ್ಳಾಗಿ ಉಳಿದಿತ್ತೆಂದು ಜಿನಸೇನರ ಪರಂಪರೆ ಹೇಳುತ್ತದೆ; ಭರತನ ನೆಲದ ಮೇಲೆ ನಿಂತಿದ್ದೇನೆಂಬ ಮಾನದ ಎಳೆ ಉಳಿದಿತ್ತೆಂದು ಜನರ ನಡುವಿನ ಕಥನ ಹೇಳುತ್ತದೆ. ಭರತನೇ ಬಂದು ಪೂಜಿಸಿದಾಗ ಆ ಮುಳ್ಳು ಕಳಚಿತು, ಜ್ಞಾನ ಉದಿಸಿತು. ರಾಜ್ಯವನ್ನು ಬಿಡುವುದು ಸಾಧ್ಯವಾದ ಮಹಾತ್ಮನಿಗೂ ಆ ಸಣ್ಣ ಎಳೆಯನ್ನು ಬಿಡುವುದಕ್ಕೆ ಒಂದು ವರ್ಷ ಬೇಕಾಯಿತು. ರಾಜ್ಯವನ್ನಿರಲಿ, ಒಂದು ಮನೆಯ ಅರ್ಧವನ್ನೂ ಬಿಡಲೊಲ್ಲದ ನನ್ನಂಥವನ ಪಾಡೇನು?

ಮಾನವೆಂದರೆ ಕನ್ನಡದಲ್ಲಿ ಮರ್ಯಾದೆ. ಜೈನಶಾಸ್ತ್ರದಲ್ಲಿ ಅದು ಅಹಂಕಾರ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಎರಡನೆಯದು. ಈ ಎರಡು ಅರ್ಥಗಳ ನಡುವೆಯೇ ನಾವು ಮೋಸ ಹೋಗುತ್ತೇವೆ. ಅಹಂಕಾರವನ್ನು ಮರ್ಯಾದೆಯೆಂದು ಹೆಸರಿಟ್ಟು ಕಾಪಾಡಿಕೊಳ್ಳುತ್ತೇವೆ. “ಅವನೇ ಮೊದಲು ಮಾತನಾಡಿಸಲಿ” ಎಂಬ ಮಾತು ನಮಗೆ ಆತ್ಮಗೌರವದಂತೆ ಕೇಳುತ್ತದೆ. ದಶಲಕ್ಷಣ ಧರ್ಮದಲ್ಲಿ ಉತ್ತಮ ಕ್ಷಮೆಯ ಬೆನ್ನಿಗೇ ಉತ್ತಮ ಮಾರ್ದವ, ಎಂದರೆ ಮೃದುತ್ವ, ಬರುವುದು ಇದೇ ಕಾರಣಕ್ಕಿರಬಹುದು. ಮನಸ್ಸು ಮೆದುವಾಗದೆ ಕ್ಷಮೆ ನಿಲ್ಲುವುದಿಲ್ಲ.

ಹೊರಗೆ ಗುಳ್ಳೆಕಾಯಜ್ಜಿಯ ಪುಟ್ಟ ವಿಗ್ರಹವಿದೆ. ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಪೂರ್ಣವಾಗಲಿಲ್ಲ, ಅಜ್ಜಿಯೊಬ್ಬಳು ಗುಳ್ಳೆಕಾಯಿಯಲ್ಲಿ ತಂದ ಹನಿ ಹಾಲು ಮೂರ್ತಿಯನ್ನೆಲ್ಲ ತೋಯಿಸಿತು ಎಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಇಷ್ಟು ದೊಡ್ಡ ಮೂರ್ತಿಯನ್ನು ಮಾಡಿಸಿದವನ ಮಾನವನ್ನು ತಿದ್ದಿದ ಅಜ್ಜಿಗೆ ಮೂರ್ತಿಯ ಎದುರಿನಲ್ಲೇ ಜಾಗ ಕೊಟ್ಟ ಹಿರಿಯರ ವಿವೇಕ ದೊಡ್ಡದು.

ಇಳಿಹೊತ್ತಿನಲ್ಲಿ ಚಿಕ್ಕಬೆಟ್ಟವನ್ನೇರಿದೆವು. ಶ್ರುತಕೇವಲಿ ಭದ್ರಬಾಹುಗಳನ್ನು ಹಿಂಬಾಲಿಸಿ ಸಾಮ್ರಾಟ ಚಂದ್ರಗುಪ್ತ ಮೌರ್ಯನು ಬಂದು ಸಲ್ಲೇಖನ ಕೈಗೊಂಡನೆಂದು ಪರಂಪರೆ ನಂಬುವ ಬೆಟ್ಟವಿದು. ಸುಮಾರು 600ನೆಯ ಇಸವಿಯ ಶಾಸನದಿಂದ ಮೊದಲ್ಗೊಂಡು ಇಲ್ಲಿನ ಬಂಡೆಯ ತುಂಬ ಅಕ್ಷರಗಳಿವೆ. ದೇಹದ ಹಂಗನ್ನು ಸಮಾಧಾನದಿಂದ ಬಿಟ್ಟ ಮುನಿಗಳ, ಕಂತಿಯರ, ಶ್ರಾವಕರ ನೆನಪುಗಳವು. ಏನೂ ಬೇಡವೆಂದು ಹೊರಟವರ ಹೆಸರನ್ನು ಕಲ್ಲು ಕಾಯ್ದುಕೊಂಡಿದೆ. ಬೇಕೆಂದು ಹಿಡಿದುಕೊಂಡವರ ಎಷ್ಟು ಮನೆಗಳು ಉಳಿದಿವೆ?

ಅಲ್ಲಿಂದ ಎದುರಿನ ಬೆಟ್ಟದ ಮೇಲೆ ಬಾಹುಬಲಿಯ ಶಿರಸ್ಸು ಕಾಣುತ್ತಿತ್ತು. ಸ್ನೇಹಿತರು ಬಸದಿಯ ಒಳಗಿದ್ದರು. ನಾನು ಬಂಡೆಯ ಮೇಲೆ ಕುಳಿತು ಅಣ್ಣನಿಗೆ ಫೋನು ಮಾಡಿದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. “ಬೆಳಗೊಳಕ್ಕೆ ಬಂದಿದ್ದೇನೆ ಅಣ್ಣಾ” ಎಂದೆ. ಆಚೆ ಸ್ವಲ್ಪ ಹೊತ್ತು ಮೌನ. ಬಳಿಕ ಅವನು ಕೇಳಿದ: “ಬಿಸಿಲಿತ್ತೇನೋ? ಕಾಲು ಸುಟ್ಟುಕೊಂಡೆಯಾ?” ಚಿಕ್ಕಂದಿನಲ್ಲಿ ಇದೇ ಮೆಟ್ಟಿಲುಗಳ ಮೇಲೆ ನನ್ನನ್ನು ಹೆಗಲಲ್ಲಿ ಹೊತ್ತು ಇಳಿಸಿದವನು ಅವನು.

ಮನೆಯ ಪಾಲು ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಅದರ ಬಗ್ಗೆ ಈಗ ನಾವಿಬ್ಬರೂ ಮಾತನಾಡುತ್ತಿದ್ದೇವೆ. ಬೆಟ್ಟವನ್ನು ಏರುವುದು ಕಾಲಿನ ಕೆಲಸ, ಯಾರಾದರೂ ಏರಬಹುದು. ಏರಿದ ಮೇಲೆ ಮನಸ್ಸು ಒಂದು ಮೆಟ್ಟಿಲಾದರೂ ಕೆಳಗಿಳಿದರೆ, ಆ ಯಾತ್ರೆ ಸಾರ್ಥಕ.